ಅತ್ತೆಯ ಮುಖ ನೋಡಿ ಕಳೆ ಕಿತ್ತದ್ದು

ಹುಲ್ಲು ಕಿತ್ತಾಗಿತ್ತು. ಇನ್ನು ಕಷ್ಟದ ಭಾಗ. ಸೊಸೆ ಕುಂಡವನ್ನು ಪಕ್ಕಕ್ಕಿಟ್ಟುಕೊಂಡು, ಪಾತಿಯ ಒಂದೊಂದೇ ಸಸಿಯ ಎಲೆಯನ್ನು ಕುಂಡದ ಎಲೆಯೊಂದಿಗೆ ಹೋಲಿಸತೊಡಗಿದಳು.

ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಮೂಲಪ್ರತಿ ಎದುರಿಗಿಲ್ಲದೆ ಒಂದಕ್ಷರ ಮುಟ್ಟುವವಳಲ್ಲ. ಅದಕ್ಕೆಂದೇ ಕಾಡುಹೂವಿನ ಬೀಜವನ್ನು ಮರಳಿಗೆ ಬೆರೆಸಿ ಪಾತಿಗೆ ಎರಚಿದ ದಿನವೇ ಒಂದು ಚಿಟಿಕೆ ಕುಂಡಕ್ಕೂ ಹಾಕಿದ್ದಳು. ಕಳೆಯ ಬೀಜ ಒಂದೂ ಉಳಿಯದಂತೆ ಕುಂಡದ ಮಣ್ಣನ್ನು ಹಳೇ ಬಾಣಲೆಯಲ್ಲಿ ಹುರಿದಿದ್ದಳು. ಕುಂಡದಲ್ಲಿರುವುದು ಹೂ, ಉಳಿದದ್ದೆಲ್ಲ ಕಳೆ. "ಮಣ್ಣು ಹುರಿಯೋ ಸೊಸೆ ನಂಗೊಬ್ಬಳಿಗೇ ಸಿಕ್ಕಿದ್ದು" ಎಂದಿದ್ದರು ಅತ್ತೆ.

ಆ ನೀಲಿ ಕಾಡುಹೂ ಒಂದೇ ಹಂಗಾಮಿನದು. ಅರಳಿ, ಬೀಜ ಉದುರಿಸಿ, ಒಣಗಿಹೋಗುತ್ತದೆ. ಬೀಜ ಆರಿಸಿದ್ದ ಖಾಲಿ ಸೈಟಿಗೆ ಈಗ ಕಾಂಕ್ರೀಟು ಬಿದ್ದಿದೆ. ಈ ಸಲ ತಪ್ಪಿದರೆ ಮತ್ತಿಲ್ಲ.

ಹತ್ತು ದಿನದಿಂದ ಪ್ರೆಸ್ಸಿನಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಕುಂಡಕ್ಕೆ ನೀರು ಹಾಕುವ ಕೆಲಸ ಅತ್ತೆಯದಾಗಿತ್ತು. ಅವಳು ಕೊನೆಯ ಸಲ ನೋಡಿದಾಗ ಎಳೆ ಮೊಳಕೆ. ಈಗ ಕುಂಡದ ಎಲೆಗೆ ಗರಗಸದಂಥ ಅಂಚು. ಪಾತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ತುಂಬ ನುಣುಪು ಅಂಚಿನವೇ. ಅಯ್ಯೋ, ಇಷ್ಟೂ ಕಳೆಯೇ! ಒಂದರ ಬುಡಕ್ಕೆ ಕೈ ಹಾಕಿದಳು.

"ಅದನ್ಯಾಕೆ ಕೀಳ್ತೀಯೇ?" ಮೆಟ್ಟಿಲ ಮೇಲಿಂದ ಅತ್ತೆ.

"ಕಳೆ, ಅತ್ತೆ."

"ಇರ್ಲಿ ಬಿಡು. ಅದೇನು ನಿನ್ನ ಗಂಟು ತಿನ್ನುತ್ತಾ?"

"ಮೊನ್ನೆ ತನಕ ಪಾತಿನೆಲ್ಲ ಕೆರೆದು ಹಾಕ್ತೀನಿ ಅಂತಿದ್ರಿ!"

"ಆಗ ಅಂದೆ. ಈಗ ಪಾಪ ಅನ್ಸುತ್ತೆ. ವಯಸ್ಸಾಯ್ತು ನೋಡು."

ಕಳೆ ಕಂಡರೆ ಅತ್ತೆಗೆ ಪಾಪ! ಮಾತಾಡುತ್ತಲೇ ಪಕ್ಕದ ಮನೆಯ ಗೇಟಿನ ಸಂದಿಗೆ ಕೈ ತೂರಿಸಿ ಅವರ ಅಂಗಳದ ಕಳೆಯನ್ನೂ ಕೀಳುವವರಿಗೆ!

ಅವಳು ಕುಂಡದತ್ತ ಬಗ್ಗಿದಳು. ಐದು ಗಿಡ, ಅಳೆದಿಟ್ಟಂಥ ಅಂತರ. ಹುರಿದ ಕೆಂಪು ಮಣ್ಣಿನ ನಡುವೆ ಒಂದೊಂದರ ಬುಡದಲ್ಲೂ ಮೋರಿ ಪಕ್ಕದ ಕಪ್ಪು ಮಣ್ಣು, ಅದರ ಮೇಲೆ ಹೆಬ್ಬೆರಳ ಗುರುತು.

ಕೈ ಸುಮ್ಮನಿರದೆ ಅತ್ತೆ ಕುಂಡದ ಹೂಸಸಿಗಳನ್ನೇ ಕಿತ್ತಿದ್ದರು. ಆಮೇಲೆ ಹೆದರಿ, ಸಿಕ್ಕಿದ್ದನ್ನು ತಂದು ನೆಟ್ಟಿದ್ದರು.

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯಬೇಕು, ಆಗ ಹೊಳೆಯಿತು: ಕಿತ್ತವರಿಗೆ ಕಿತ್ತದ್ದರ ಗುರುತಿದ್ದೇ ಇರುತ್ತದೆ!

"ಹಾಗಾದ್ರೆ ಇದು?" ಪಾತಿಯ ಒಂದು ಗರಗಸದ ಎಲೆ ಹಿಡಿದಳು. ಅತ್ತೆ ಆಕಾಶ ನೋಡಿದರು. ಕಿತ್ತಳು. ನುಣುಪು ಎಲೆಯ ಹತ್ತಿರ ಕೈ ಹೋದೊಡನೆ ಅತ್ತೆಗೆ ಕೆಮ್ಮು. ಕೈ ಹಿಂದಕ್ಕೆ ಬಂತು. ಇನ್ನೊಂದಕ್ಕೆ ಕನ್ನಡಕ ಒರೆಸಿಕೊಂಡರು. ಅದನ್ನು ಅನುಮಾನದ ಮೇಲೆ ಉಳಿಸಿದಳು. ಒಂದು ಗಂಟೆಯಲ್ಲಿ ಪಾತಿ ಅಚ್ಚುಕಟ್ಟಾಯಿತು. ಅತ್ತೆಯ ಗಂಟಲು ಮಾತ್ರ ಕಟ್ಟಿತ್ತು.

"ಕುಂಡದಲ್ಲೂ ಚೆನ್ನಾಗಿ ಬಂದಿದೆ, ಅಲ್ವೇನೇ?"

"ನಿಮ್ಮ ಕೈಗುಣ, ಅತ್ತೆ."

ಅತ್ತೆ ನಿರಾಳವಾಗಿ ಮಂಡಿ ಹಿಡಿದುಕೊಂಡು ಎದ್ದರು. ಮೆಟ್ಟಿಲು ಹತ್ತುವುದಕ್ಕೇ ಇಷ್ಟು ಪಾಡು ಪಡುವವರು ಮೋರಿಯ ಬದಿಯಲ್ಲಿ ಐದು ಸಲ ಬಗ್ಗಿದ್ದಾರೆ. ತನ್ನ ಸಿಟ್ಟಿಗೆ ಈ ಮನೆಯಲ್ಲಿ ಅಷ್ಟೊಂದು ಬೆಲೆಯಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕೈ ತೊಳೆಯುತ್ತ ನಿಶ್ಚಯಿಸಿದಳು: ಬೀಜ ಬಲಿತಾಗ ಬಿಡಿಸುವ ಕೆಲಸವನ್ನು ಅತ್ತೆಗೇ ಬಿಡಬೇಕು. ಒಳಗಿನಿಂದ ಗಂಡ, "ಏನೇ ಒಬ್ಬಳೇ ನಗ್ತಿದ್ದೀಯ?" ಎಂದ. "ಏನಿಲ್ಲ" ಎಂದಳು.