ಗೇಟಿಗೆ ಎರಡು ಸುತ್ತು

ಅಂಚೆಯವ ಕೊಟ್ಟುಹೋದ ಲಕೋಟೆಯನ್ನು ಒಡೆಯದೆ ಪ್ಯಾಟ್ರಿಶಿಯಾ ಜಗಲಿಯಲ್ಲೇ ನಿಂತಿದ್ದಳು. ಜೈಲಿನ ಮೊಹರು ಅವಳಿಗೆ ಹೊಸದಲ್ಲ. ಆದರೆ ಕೈದಿಗಳ ಉತ್ತರಗಳೆಲ್ಲ ಬರುತ್ತಿದ್ದುದು ಇಗರ್ಜಿಯ ವಿಳಾಸಕ್ಕೆ. ಪತ್ರ ಬರೆಯುವ ಹೆಂಗಸರ ಮನೆ ಎಲ್ಲಿ ಎಂದು ಒಳಗಿನವರಿಗೆ ತಿಳಿಯಬಾರದು, ಅದು ಕೈದಿಗಳಿಗೆ ಪತ್ರ ಬರೆಯುವ ಇಗರ್ಜಿಯ ಈ ಸೇವೆಯ ಮೊದಲ ನಿಯಮ. ಈ ಲಕೋಟೆಯ ಮೇಲೆ ಕಾಪುವಿನ ಅವಳ ಮನೆಯ ಹೆಸರೇ ಇತ್ತು.

ಒಳಗೆ ಅವಳು ಪತ್ರ ಬರೆಯುತ್ತಿದ್ದ ಕೈದಿ ಧನರಾಜನ ದುಂಡು ಅಕ್ಷರ. 'ಅಕ್ಕಾ, ಸೋಮವಾರ ಬಿಡುಗಡೆ. ಕಾರ್ಕಳದಲ್ಲಿ ನನ್ನವರು ಸೇರಿಸುವುದಿಲ್ಲ. ನಿಮ್ಮ ಬಾಗಿಲು ಯಾವಾಗಲೂ ತೆರೆದಿದೆ ಎಂದು ಬರೆದಿದ್ದಿರಿ. ಬರುತ್ತೇನೆ.'

ಬರೆದದ್ದು ಹೌದು. ಬೈಬಲಿನ ವಾಕ್ಯ ಮುಗಿದ ಮೇಲೆ ಅಪರಿಚಿತನಿಗೆ ಇನ್ನೆಂತ ಬರೆಯುವುದು? ಮಲ್ಲಿಗೆ ಗಿಡಗಳ ಬಗ್ಗೆ ಬರೆದಿದ್ದಳು. ಗೇಟಿನ ಕೊಂಡಿ ಮುರಿದಿದೆ, ಹಗ್ಗವನ್ನು ಎರಡು ಸುತ್ತು ಕಟ್ಟದಿದ್ದರೆ ಪಕ್ಕದ ಮನೆಯ ಆಡು ನುಗ್ಗಿ ಮೊಗ್ಗು ತಿನ್ನುತ್ತದೆ ಎಂದೂ ಬರೆದಿದ್ದಳು. ವಿಳಾಸ ಮಾತ್ರ ಬರೆದಿರಲಿಲ್ಲ.

ಸಂಜೆ ಜಪಮಾಲೆಗೆ ಕೂತಾಗ ಹೊಳೆಯಿತು. ಗಂಡ ಕಜೆಟನ್ ತೀರಿಕೊಂಡು ವರ್ಷವಾದಾಗ ಹಂಚಿದ ನೆನಪಿನ ಕಾರ್ಡು. ಮುಂದೆ ಮೇರಿ ಮಾತೆಯ ಚಂದದ ಚಿತ್ರವಿದೆಯೆಂದು ಒಂದನ್ನು ಪತ್ರದೊಳಗೆ ಇಟ್ಟು ಕಳಿಸಿದ್ದಳು. ಹಿಂದುಗಡೆ ಕಜೆಟನನ ಫೋಟೋ, 'ದುಃಖತಪ್ತ ಪತ್ನಿ', ಕೆಳಗೆ ಮನೆಯ ಹೆಸರು. ಗಂಡನಿಲ್ಲದವಳು ಇಲ್ಲಿದ್ದಾಳೆ ಎಂದು ತಾನೇ ಅಚ್ಚು ಹಾಕಿಸಿ ತಿಳಿಸಿದ ಹಾಗಾಗಿತ್ತು.

ಸೇವೆಯನ್ನು ನಡೆಸುವ ಲೂಯಿಸರಿಗೆ ಫೋನ್ ಮಾಡಿದಳು.

"ಅವನು ಮಾಡಿದ್ದೆಂತ?"

"ಕೇಳಬಾರದು ಅಂತ ನಾವೇ ನಿಯಮ ಮಾಡಿದ್ದಲ್ವಾ ಪ್ಯಾಟ್ರಿಶಿಯಾ ಬಾಯಿ?"

"ನಿಮಗೆ ಗೊತ್ತುಂಟು."

ಲೂಯಿಸರು ದನಿ ತಗ್ಗಿಸಿದರು. "ಒಂದು ಹೆಂಗಸಿನ ಸಾವು," ಎಂದರು. "ನೀವು ಸೋಮವಾರ ತಂಗಿಯ ಮನೆಗೆ ಹೋಗಿಬಿಡಿ."

"ಅವನು ಮಂಗಳವಾರ ಬಂದರೆ?"



ಬೇಲಿಯಾಚೆಯ ಶರೀಫಾ ಕೇಳಿ ನಕ್ಕುಬಿಟ್ಟಳು. "ಬರೆದೂ ಬರೆದೂ ನೆಂಟನನ್ನೇ ಕರೆಸಿದಿರಲ್ಲ ಮಾರಾಯ್ತಿ!" ಪ್ಯಾಟ್ರಿಶಿಯಾಳ ಮುಖ ನೋಡಿ ನಗು ನಿಲ್ಲಿಸಿದಳು. "ಸೋಮವಾರ ಹೂಡೆಯಲ್ಲಿ ನಮ್ಮದು ಮದುವೆ ಉಂಟು, ತಪ್ಪಿಸಲಿಕ್ಕೆ ಆಗುವುದಿಲ್ಲ. ಬಾಗಿಲು ಹಾಕಿ ಕೂತುಕೊಳ್ಳಿ. ಇಲ್ಲ ಅಂದುಕೊಂಡು ಹೋಗುತ್ತಾನೆ."

ಸೋಮವಾರ ಅನ್ನಕ್ಕಿಟ್ಟು ಕಿಟಕಿಯ ಪರದೆಯ ಹಿಂದೆ ನಿಂತಳು. ಬಸ್ಸು ನಿಂತು ಹೊರಟ ಸದ್ದು. ಗೇಟಿನ ಹಗ್ಗ ಬಿಚ್ಚಿದ್ದು ಕುಳ್ಳಗಿನ, ತಲೆ ನರೆತ ಒಬ್ಬ ಗಂಡಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮಲ್ಲಿಗೆ ಗಿಡಗಳ ಹತ್ತಿರ ನಿಂತು, ಗುರುತಿದ್ದವರನ್ನು ನೋಡುವ ಹಾಗೆ ಒಂದೊಂದನ್ನೇ ನೋಡಿದ. ಅವಳು ಸರಿದು ಬಾಗಿಲಿನ ಅಗುಳಿ ಹಿಡಿದುಕೊಂಡಳು.

"ಅಕ್ಕಾ."

ಬಾಗಿಲಿನ ಅಡಿಯ ಸಂದಿಯಲ್ಲಿ ನೆರಳು ಬಂದು ನಿಂತಿತು.

"ಅಕ್ಕಾ, ನಾನು ಧನರಾಜ."

ಅವನ ಅಂಗೈ ಬಾಗಿಲ ಮೇಲೆ ಬಿದ್ದಿರಬೇಕು. ಹಲಗೆ ಕೂದಲೆಳೆಯಷ್ಟು ಅಲುಗಿ ಅಗುಳಿಗೆ ತಾಗಿತು. 'ನಮೋ ಮರಿಯೆ' ಎಂದು ಪ್ರಾರ್ಥನೆ ಶುರುಮಾಡಿದವಳಿಗೆ ಮುಂದಿನ ಮಾತು ನೆನಪಾಗಲಿಲ್ಲ. ಅಷ್ಟರಲ್ಲಿ ಒಳಗೆ ಕುಕ್ಕರ್ ಉದ್ದಕ್ಕೆ ಸೀಟಿ ಹಾಕಿತು.

ನೆರಳು ಕದಲಲಿಲ್ಲ.

"ಇದ್ದೀರಿ ಅಲ್ವಾ," ಎಂದ ಅವನು, ಬಹಳ ಮೆಲ್ಲಗೆ. "ಆಗಲಿ."

ಮೆಟ್ಟಿಲಿಳಿದ ಚಪ್ಪಲಿಯ ಸದ್ದು. ಅವಳು ಪರದೆಯನ್ನು ಬೆರಳಷ್ಟೇ ಸರಿಸಿದಳು. ಧನರಾಜ ಗೇಟಿನಾಚೆ ನಿಂತು, ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಹಗ್ಗವನ್ನು ಒಂದು ಸುತ್ತು ಸುತ್ತಿದ. ಮತ್ತೆ ಇನ್ನೊಂದು. ಗಂಟು ಹಾಕಿ, ಎಳೆದು ನೋಡಿ, ರಸ್ತೆಯ ಕಡೆ ನಡೆದ.

ಸ್ವಲ್ಪ ಹೊತ್ತಿಗೆ ಶರೀಫಾಳ ಆಡು ಬಂತು. ಗೇಟಿಗೆ ತಲೆಯಿಂದ ದೂಡಿತು. ತೆರೆಯಲಿಲ್ಲ. ಅದು ಅಲ್ಲೇ ನಿಂತು, ಸರಳುಗಳ ನಡುವಿನಿಂದ ಮನೆಯನ್ನೇ ನೋಡುತ್ತಿತ್ತು.