ನಿಲ್ದಾಣದಲ್ಲಿ ನಿಂತವರು

"ಬಾಗಿಲು ತೆಗೆದು ಎಷ್ಟೊತ್ತಾಯ್ತು, ಒಬ್ಬರೂ ಹತ್ತುತ್ತಾ ಇಲ್ವಲ್ಲೇ!" ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಗೊಣಗಿದರು.

ಎದುರಿನ ದೊಡ್ಡ ಪರದೆಯ ಮೇಲೆ ಬಸ್ ನಿಲ್ದಾಣ. ನಾಲ್ಕೈದು ಜನ ಕಂಬ ನೆಟ್ಟಂತೆ ನಿಂತಿದ್ದರು. ಮೂಲೆಯಲ್ಲಿ ಕೆಂಪಕ್ಷರ ಮಿನುಗುತ್ತಿತ್ತು: ನಿಲುಗಡೆ ವಿಳಂಬ.

ಮಗಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಹೊಸ ಬಸ್ ಚಾಲಕರು ರಸ್ತೆಗಿಳಿಯುವ ಮೊದಲು ಕೈ ಪಳಗಿಸಿಕೊಳ್ಳಲಿ ಎಂದು ಅವಳು ಕಟ್ಟುತ್ತಿದ್ದ ತರಬೇತಿ ಯಂತ್ರ ಇದು. ಕಟ್ಟಲು ಬಳಸಿದ್ದು ಮಾತ್ರ ವಿಡಿಯೋ ಗೇಮ್ ತಯಾರಿಸುವ ಗೇಮ್ ಎಂಜಿನ್ ಎಂಬ ಸಾಫ್ಟ್‌ವೇರ್. ಬಂದೂಕು, ರಾಕ್ಷಸರನ್ನೆಲ್ಲ ಬದಿಗಿಟ್ಟು ಅದರಲ್ಲೇ ರಸ್ತೆ, ಸಿಗ್ನಲ್, ಮುಂಜಾವಿನ ಮಂಜು ಎಲ್ಲವನ್ನೂ ಎಬ್ಬಿಸಿದ್ದಳು. "ಎಂಜಿನ್ ಅಂತೀಯ, ಒಂದು ತೊಟ್ಟು ಡೀಸೆಲ್ ವಾಸನೆ ಇಲ್ಲ" ಎಂದು ಅಪ್ಪ ಆಗಲೇ ಕಾಲೆಳೆದಿದ್ದರು.

ಒಂದು ಕಣ್ಣಿನ ದೃಷ್ಟಿ ಹೋಗಿ ಬಸ್ ಓಡಿಸುವ ಲೈಸೆನ್ಸ್ ರದ್ದಾದ ಮೇಲೆ ಅವರು ಮನೆಯಲ್ಲಿ ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದರು. ಊಟಕ್ಕೆ ಕೂತರೂ ತಟ್ಟೆಯನ್ನು ಸ್ಟೇರಿಂಗಿನಂತೆ ತಿರುಗಿಸುವರು. ಅದನ್ನು ನೋಡಲಾರದೆ, "ನಿಜವಾದ ಡ್ರೈವರ್ ಒಬ್ಬರು ಓಡಿಸಿ ನೋಡ್ಬೇಕಪ್ಪ" ಎಂದು ಪುಸಲಾಯಿಸಿ ಕರೆತಂದಿದ್ದಳು.

"ಅವರು ಹತ್ತಲ್ಲಪ್ಪ. ಸುಮ್ನೆ ನೋಡೋಕೆ ಇಟ್ಟಿರೋದು. ಬಾಗಿಲು ಹಾಕಿ ಹೊರಡಿ."

"ಹತ್ತಲ್ವಾ?" ಅಪ್ಪನ ಕೈ ಸ್ಟೇರಿಂಗಿನಿಂದ ಜಾರಿತು. "ಮತ್ತೆ ನಾನು ಯಾರಿಗೋಸ್ಕರ ಓಡಿಸ್ಲಿ?"

ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅಪ್ಪ ಹಂಬಲಿಸುತ್ತಿದ್ದುದು ಗೇರು ಬ್ರೇಕುಗಳಿಗಲ್ಲ, ಬೆನ್ನ ಹಿಂದೆ ತುಂಬಿಕೊಳ್ಳುವ ಜನಕ್ಕೆ ಎಂದು ಮಗಳಿಗೆ ಆಗ ಹೊಳೆಯಿತು.

ಯಾರೂ ಕೇಳದಿದ್ದರೂ ನಿಂತವರನ್ನು ಬಸ್ಸು ಹತ್ತಿಸುವ ಕೆಲಸಕ್ಕೆ ಕೈಹಚ್ಚಿದಳು. ನಿಂತವರಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳನ್ನು ಆರಿಸಿಕೊಂಡಳು. ಆಟಗಳಲ್ಲಿ ಶತ್ರುಗಳು ನಾಯಕನನ್ನು ಅಟ್ಟಿಸಿಕೊಂಡು ಬರುವಂತೆ ಮಾಡುವ ಪ್ರೋಗ್ರಾಮನ್ನೇ ಆಕೆಗೆ ಅಂಟಿಸಿದಳು. ನಾಯಕನ ಜಾಗದಲ್ಲಿ ಬಸ್ಸಿನ ಬಾಗಿಲು. ಶತ್ರುವಿನ ಓಟದ ವೇಗ ತಗ್ಗಿಸುವುದೊಂದನ್ನು ಮರೆತಿದ್ದಳು.

ಮುಂದಿನ ವಾರ ಬಲವಂತಕ್ಕೆ ಬಂದು ಕೂತ ಅಪ್ಪ, ಒಲ್ಲದ ಮನಸ್ಸಿನಿಂದ ಬಸ್ಸನ್ನು ನಿಲ್ದಾಣಕ್ಕೆ ತಂದರು. ಯಾರ ಕಡೆಗೂ ನೋಡದೆ ಬಾಗಿಲು ತೆರೆದು, ಮುಚ್ಚಿ, ಹೊರಟೇಬಿಟ್ಟರು. ಅಷ್ಟರಲ್ಲಿ ಕನ್ನಡಿಯಲ್ಲಿ ಮುದುಕಿ ಕಾಣಿಸಿದಳು. ಚೀಲ ಕುಣಿಸುತ್ತ, ಎದ್ದೆನೋ ಬಿದ್ದೆನೋ ಎಂದು ಬಸ್ಸಿನ ಹಿಂದೆ ಓಡಿ ಬರುತ್ತಿದ್ದಳು.

ಎಡವಟ್ಟಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡ ಮಗಳು ಯಂತ್ರ ನಿಲ್ಲಿಸುವ ಗುಂಡಿಗೆ ಕೈಚಾಚಿದಳು. ಅಪ್ಪ ಆಗಲೇ ಬ್ರೇಕ್ ಒತ್ತಿಯಾಗಿತ್ತು.

"ನಿಧಾನ ತಾಯಿ, ನಿಧಾನ! ನಿಲ್ಸಿದೀನಿ. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ!"

ಬಾಗಿಲು ತೆರೆಯಿತು. ಮೂಲೆಯಲ್ಲಿ ಕೆಂಪಕ್ಷರ ಮಿನುಗತೊಡಗಿತು. ಮಗಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಪ್ಪ ಕನ್ನಡಿಯಲ್ಲೇ ಕಣ್ಣಿಟ್ಟು, ಮುದುಕಿ ಒಳಗೆ ಬಂದು ಸೀಟು ಹಿಡಿಯುವವರೆಗೂ ಕಾದರು. ಆಮೇಲೆ ಬಹಳ ಮೆಲ್ಲಗೆ, ಒಳಗೆ ನಿಂತವರಿದ್ದರೂ ಜೋಲಿ ಹೊಡೆಯದ ಹಾಗೆ, ಬಸ್ಸು ಹೊರಡಿಸಿದರು.