ಸೀಗೆಪುಡಿಗೆ ಅಳದ ಕೂಸು

ರಾಯದುರ್ಗದ ದರ್ಜಿಗಳ ಬೀದಿಯಲ್ಲಿ ಕೂಸುಗಳಿಗೆ ನೀರು ಹಾಕುವುದೆಂದರೆ ಕದರಮ್ಮನೇ. ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ ಬಿಸಿನೀರು ಹೊಯ್ದಳೆಂದರೆ ಎಂಥ ಗಟ್ಟಿ ಕೂಸೂ ಕಣ್ಣುರಿಗೆ ಕಿರುಚಿ ಕೆಂಪಾಗುತ್ತಿತ್ತು. ಅವಳ ಸ್ವಂತ ಮೊಮ್ಮಗಳು ಮಾತ್ರ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. ಹಸಿದರೆ ಬೀದಿಯನ್ನೇ ಎಬ್ಬಿಸುವ ಗಂಟಲು, ಸೀಗೆನೀರಿಗೆ ತೆಪ್ಪಗೆ. ಇದು ತನ್ನ ಕೈಗುಣವೆಂದೇ ಕದರಮ್ಮ ನಂಬಿದಳು. ಹೊಗಳಿಕೆ ಪುಕ್ಕಟೆ ಸಿಗುವಾಗ ಕಾರಣ ಯಾರು ಕೇಳುತ್ತಾರೆ? ನೋಡಲು ಬಂದ ಹೆಂಗಸರೆದುರು ಒಂದು ಚಿಟಿಕೆ ಸೀಗೆ ಹೆಚ್ಚೇ ಹಾಕಿ ಬೀಗುತ್ತಿದ್ದಳು.

ಸೊಸೆ ಬಾಲಮ್ಮನಿಗೆ ಒಳಗೊಳಗೇ ಪುಕಪುಕ. ಒಂದು ಬೆಳಿಗ್ಗೆ ಅವಳು ಮಗುವನ್ನು ಬಾಗಿಲ ಬೆಳಕಿಗೆ ಹಿಡಿದು, "ಅತ್ತೀ, ಇಲ್ಲಿ ನೋಡ್ರಿ. ಕಣ್ಣಾಗ ಹೂವು ಬಿದ್ದೈತ್ರಿ" ಎಂದಳು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬೆಳ್ಳನೆಯ ಮಚ್ಚೆ. ಅತ್ತೆ ಸೊಸೆ ಕೂಸನ್ನೆತ್ತಿಕೊಂಡು ಊರ ಆಸ್ಪತ್ರೆಗೆ ಓಡಿದರು.

ಆಸ್ಪತ್ರೆಯ ಡಾಕ್ಟರು ಪಂಚಾಕ್ಷರಯ್ಯ ಮದ್ರಾಸಿನಲ್ಲಿ ಕಣ್ಣಿನ ವೈದ್ಯವಿದ್ಯೆ ಕಲಿತು ಬಂದವರು. ಹತ್ತಿಯನ್ನು ಎಳೆಯಂತೆ ಹೊಸೆದು ಎಡಗಣ್ಣಿನ ಕರಿಗುಡ್ಡೆಗೆ ಮುಟ್ಟಿಸಿದರು. ರೆಪ್ಪೆ ಅಲುಗಲಿಲ್ಲ. ಬಲಗಣ್ಣಿಗೂ ಮುಟ್ಟಿಸಿದರು. ಅದೂ ಅಷ್ಟೇ. ಸೀಗೆನೀರಿಗೂ ಅಳುವುದಿಲ್ಲವೆಂದು ಬಾಲಮ್ಮ ಹೇಳಿದ್ದಕ್ಕೆ ಡಾಕ್ಟರು ತಲೆಯಾಡಿಸಿದರು.

"ಕೂಸು ಹೊಟ್ಟ್ಯಾಗ ಇರುವಾಗ ಕರಿಗುಡ್ಡಿಯೊಳಗ ಸಣ್ಣ ಸಣ್ಣ ನರ ಬೆಳೀತಾವಮ್ಮ, ಸುತ್ತ ಅಂಚಿನಿಂದ ನಡುವಿನ ತನಕ. ಧೂಳು ಬಿದ್ರ ಉರಿ ಗೊತ್ತಾಗೋದು ಅವುಗಳಿಂದ. ಇದಕ್ಕ ಅವು ಬಂದಿಲ್ಲ. ಉರಿ ತಿಳಿಯದ ಕೂಸು ರೆಪ್ಪಿ ಬಡಿಯಂಗಿಲ್ಲ. ಕಣ್ಣು ಒಣಗಿ ಹುಣ್ಣಾಗೈತೆ."

"ಇನ್ನ ಮ್ಯಾಲೆ ಬರ್ತಾವೇನ್ರಿ?" ಎಂದಳು ಬಾಲಮ್ಮ.

"ಕೆಲವರಿಗೆ ತಡವಾಗಿ ಬರ್ತಾವ. ಬರದೇನೂ ಇರಬಹುದು. ಅಲ್ಲೀ ತನಕ ಕಣ್ಣು ಕಾಯಬೇಕು, ಇಲ್ಲಾಂದ್ರ ಎರಡೂ ಹೋಗ್ತಾವ. ಮೊದಲು ಆ ಸೀಗೆ ಬಿಡ್ರಿ."

ಕದರಮ್ಮನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಸೊಸೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೊರಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಮುದುಕಿ ತೊಟ್ಟಿಲು ಬಿಟ್ಟು ಕದಲಲಿಲ್ಲ. ಡಾಕ್ಟರು ಕೊಟ್ಟ ಎಣ್ಣೆಹನಿ ಬಿಟ್ಟು, ಮಗು ತಾನಾಗಿ ಬಡಿಯದ ರೆಪ್ಪೆಗಳನ್ನು ಬೆರಳಿನಿಂದ ಮುಚ್ಚುವಳು, ತೆರೆಯುವಳು. ಬೀದಿಯಲ್ಲಿ ಎತ್ತಿನ ಗಾಡಿ ಹೋದರೆ ಧೂಳಿಗೆ ಹೆದರಿ ಸೆರಗು ಅಡ್ಡ ಹಿಡಿಯುವಳು. ಪಕ್ಕದ ಮನೆಯ ಕೂಸು ಬೇರೆ ಯಾರದೋ ಕಾಲ ಮೇಲೆ ಚೀರಿದರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಮತ್ತೆ ಆಸ್ಪತ್ರೆಗೆ ಹೋದರು. ಎಡಗಣ್ಣಿಗೆ ಹತ್ತಿ ತಾಕಿತು, ಏನೂ ಇಲ್ಲ. "ಇದರ ಆಸೆ ಕಡಿಮಿ" ಎಂದರು ಡಾಕ್ಟರು. ಅವರ ಕೈ ಬಲಗಣ್ಣಿನತ್ತ ಹೋದಾಗ ಕದರಮ್ಮ ತನ್ನ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಇದೂ ಹೋದರೆ ಕೂಸಿನ ಬಾಳೆಲ್ಲ ಕತ್ತಲೆ. ಆಯುಷ್ಯವಿಡೀ ಊರ ಮಕ್ಕಳನ್ನು ರಮಿಸಿದವಳು ನೆನಪಿಗೆ ಬಂದ ದೇವರಲ್ಲೆಲ್ಲ ಒಂದು ಅಳು ಬೇಡಿದಳು. ಸದ್ದಿಲ್ಲ. ಡಾಕ್ಟರು ಹತ್ತಿ ಬದಲಿಸಿ ಮತ್ತೊಮ್ಮೆ ಮುಟ್ಟಿಸಿದರು.

ಮಗು ಕಿಟಾರನೆ ಕಿರುಚಿತು. ಕದರಮ್ಮ ಕಣ್ಣು ಬಿಟ್ಟು ನೋಡಿದರೆ ರೆಪ್ಪೆಗಳು ಪಟಪಟ ಬಡಿಯುತ್ತಿದ್ದವು, ಬಲಗೆನ್ನೆಯ ಮೇಲೆ ನೀರು. ಬಾಲಮ್ಮ ಎತ್ತಿಕೊಂಡು ಸಮಾಧಾನ ಮಾಡಲು ಕೈ ಚಾಚಿದಳು. ಅತ್ತೆ ಆ ಕೈ ಹಿಡಿದುಕೊಂಡಳು.

"ತಡಿಯವ್ವಾ, ಇನ್ನೊಂದೀಟು ಅಳಲಿ."